ನನ್ನ ವೆಬ್ ಪೇಜ್ ಲ್ಯಾಪ್‌ಟಾಪ್ ಕ್ರೋಮಲ್ಲಿ ಸರಿ ಇದೆ, ಐಫೋನಲ್ಲಿ ಕೆಳಗಿನ ಬಟನ್ನೇ ಕಾಣಲ್ಲ, ಸಿಎಸ್‌ಎಸ್‌ನಲ್ಲಿ (ಪೇಜ್ ಹೇಗೆ ಕಾಣ್ಬೇಕು ಅಂತ ಹೇಳೋ ಕೋಡ್) ಏನ್ ಮಾಡ್ಬೇಕು?

ಮೊದ್ಲು ನಿಮ್ಮ ಕೋಡಲ್ಲಿ ಹೈಟ್‌ಗೆ 100ವಿಎಚ್ (100vh, ಅಂದ್ರೆ ಸ್ಕ್ರೀನಲ್ಲಿ ಪೇಜಿಗಿರೋ ಪೂರ್ತಿ ಎತ್ತರ) ಅಂತ ಕೊಟ್ಟಿದೀರಾ ನೋಡಿ. ಕೊಟ್ಟಿದ್ರೆ ಕಳ್ಳ ಸಿಕ್ದ ಅಂತಾನೇ ಲೆಕ್ಕ.

ಐಫೋನ್ ಸಫಾರಿ ಈ ವಿಎಚ್ ಅನ್ನೋದನ್ನ ಅಳೆಯೋದು ಮೇಲಿನ ಕೆಳಗಿನ ಬಾರ್‌ಗಳೆಲ್ಲ ಕುಗ್ಗಿ ಪೇಜಿಗೆ ಪೂರ್ತಿ ಜಾಗ ಸಿಕ್ಕಾಗ ಎಷ್ಟು ಎತ್ತರ ಇರುತ್ತೋ ಅಷ್ಟಕ್ಕೆ, ಹಾಗಾಗಿ ಪೇಜ್ ಈಗಷ್ಟೇ ಓಪನ್ ಆಗಿ ಬಾರ್‌ಗಳು ಕಾಣ್ತಿರೋವಾಗ ನಿಮ್ಮ ಲೇಔಟ್ ಸ್ಕ್ರೀನಿಗಿಂತ ಉದ್ದ ಆಗಿ ಬಟನ್ ಕೆಳಗೆ ಮುಚ್ಚಿಹೋಗುತ್ತೆ. ಇದು ಬಗ್ ಅಲ್ಲ, ಸ್ಕ್ರೋಲ್ ಮಾಡ್ವಾಗ ಪೇಜ್ ಕುಣೀಬಾರ್ದು ಅಂತ ಬೇಕಂತಲೇ ಮಾಡಿದ್ದು. ಲ್ಯಾಪ್‌ಟಾಪಲ್ಲಿ ವಿಂಡೋ ಚಿಕ್ಕದು ಮಾಡಿ ನೋಡಿದ್ರೆ ಈ ತೊಂದ್ರೆ ಕಾಣೋದೇ ಇಲ್ಲ, ನಿಜವಾದ ಫೋನೇ ಬೇಕು.

ಇದಕ್ಕಂತಲೇ ಡಿವಿಎಚ್ (dvh) ಅನ್ನೋ ಯೂನಿಟ್ ಬಂತು, ಬಾರ್ ಬಂದ್ರೆ ಹೋದ್ರೆ ಅದಕ್ಕೆ ತಕ್ಕಂಗೆ ಬದಲಾಗುತ್ತೆ. 2022ರಲ್ಲಿ ಸಫಾರಿ 15.4, ಫೈರ್‌ಫಾಕ್ಸ್ 101, ಕ್ರೋಮ್ 108 ಮೂರರಲ್ಲೂ ಸೇರ್ತು. ಹಾಗಾದ್ರೆ ಅದಕ್ಕಿಂತ ಹಳೇ ಫೋನಿನವರ ಕಥೆ? ಎರಡು ಸಾಲು ಬರೀರಿ, ಮೊದ್ಲು ಹೈಟ್ 100ವಿಎಚ್, ಅದರ ಕೆಳಗೇ ಹೈಟ್ 100ಡಿವಿಎಚ್. ಬ್ರೌಸರ್‌ಗೆ ಅರ್ಥ ಆಗದ ಸಾಲನ್ನ ಅದು ಎರರ್ ಕೊಡದೆ ಸುಮ್ನೆ ದಾಟ್ಕೊಂಡು ಹೋಗುತ್ತೆ, ಅರ್ಥ ಆದ್ರೆ ಕೆಳಗಿನ ಸಾಲು ಗೆಲ್ಲುತ್ತೆ, ಅಷ್ಟೇ. ನನ್ ಪ್ರಕಾರ ಬ್ರೌಸರ್ ಹೊಂದಾಣಿಕೆಯ ಅರ್ಧ ಕೆಲಸ ಇದೊಂದರಿಂದಲೇ ಆಗುತ್ತೆ, ಜಾವಾಸ್ಕ್ರಿಪ್ಟಲ್ಲಿ ಯಾವ ಬ್ರೌಸರ್ ಅಂತ ಹೆಸರು ಕೇಳಿ ಬೇರೆ ಬೇರೆ ಸ್ಟೈಲ್ ಕೊಡೋ ಸರ್ಕಸ್ ಬೇಡ್ವೇ ಬೇಡ.

ಆದ್ರೆ ಕಾಮಾ (,) ಹಾಕಿ ಸೆಲೆಕ್ಟರ್ (ಸ್ಟೈಲ್ ಯಾವುದಕ್ಕೆ ಅಂತ ಹೇಳೋ ಭಾಗ) ಸೇರಿಸೋ ಕಡೆ ಹುಷಾರು. ವೆಬ್‌ಕಿಟ್‌ದೊಂದು (ಸಫಾರಿಯ ಒಳಗಿನ ಎಂಜಿನ್), ಮೊಜಿಲ್ಲಾದೊಂದು (ಫೈರ್‌ಫಾಕ್ಸಿನವರು) ಸೆಲೆಕ್ಟರ್ ಒಟ್ಟಿಗೆ ಬರೆದ್ರೆ, ಅದ್ರಲ್ಲಿ ಒಂದು ಗೊತ್ತಿಲ್ದಿದ್ರೂ ಬ್ರೌಸರ್ ಪೂರ್ತಿ ರೂಲನ್ನೇ ಎಸೆಯುತ್ತೆ, ಬೇರೆ ಬೇರೆ ಬರೀರಿ.

ಅಟ್ ಸಪೋರ್ಟ್ಸ್ (@supports, ಬ್ರೌಸರ್‌ಗೆ ಇದು ಬರುತ್ತಾ ಅಂತ ಕೇಳೋ ಸಿಎಸ್‌ಎಸ್ ಸಾಲು) ಹಾಕಿ ಚೆಕ್ ಮಾಡ್ಬಹುದಲ್ಲ ಅಂತೀರ, ಮಾಡ್ಬಹುದು, ಆದ್ರೆ ಅದೂ ಒಮ್ಮೊಮ್ಮೆ ಕೈ ಕೊಡುತ್ತೆ. ಫ್ಲೆಕ್ಸ್‌ನಲ್ಲಿ (ಪೇಜಿನ ಭಾಗಗಳನ್ನ ಸಾಲಾಗಿ ಜೋಡಿಸೋ ವಿಧಾನ) ಗ್ಯಾಪ್ (ಭಾಗಗಳ ನಡುವೆ ಬಿಡೋ ಜಾಗ) ಸಫಾರಿಗೆ ಬಂದಿದ್ದು 2021ರ 14.1ರಲ್ಲಿ, ಗ್ರಿಡ್‌ನಲ್ಲಿ (ಅಡ್ಡ ಉದ್ದ ಮನೆಗಳಾಗಿ ಜೋಡಿಸೋ ವಿಧಾನ) ಅದಕ್ಕೂ ಮೊದ್ಲೇ ಇತ್ತು, ಹಾಗಾಗಿ ಸಫಾರಿ 13ನ ಗ್ಯಾಪ್ ಇದ್ಯಾ ಅಂತ ಕೇಳಿದ್ರೆ ಇದೆ ಅನ್ನುತ್ತೆ, ಫ್ಲೆಕ್ಸಲ್ಲಿ ಮಾತ್ರ ಕೆಲಸ ಮಾಡಲ್ಲ. ಅಷ್ಟು ಹಳೇ ಫೋನ್‌ಗಳೂ ಬೇಕು ಅಂದ್ರೆ ಅಲ್ಲಿ ಮಾರ್ಜಿನ್ನೇ ಗತಿ.

ಪ್ರಿಫಿಕ್ಸ್‌ಗಳನ್ನ (-webkit- ಥರ ಒಂದೊಂದು ಬ್ರೌಸರ್‌ಗೆ ಅಂತ ಮುಂದೆ ಸೇರಿಸೋ ಗುರುತು) ಕೈಯಾರೆ ಟೈಪ್ ಮಾಡ್ಬೇಡಿ, ಅದನ್ನ ತಾನೇ ಸೇರಿಸೋ ಆಟೋಪ್ರಿಫಿಕ್ಸರ್ ಅನ್ನೋ ಟೂಲ್ ಹಾಕ್ಕೊಳ್ಳಿ. ಅದು ಪ್ರಿಫಿಕ್ಸ್ ಸೇರಿಸುತ್ತೆ ಹೊರತು ಡಿವಿಎಚ್ ಸಾಲಿನ ಮೇಲೆ ಬೇಕಾದ 100ವಿಎಚ್ ಸಾಲನ್ನ ಬರ್ಕೊಡಲ್ಲ, ಅದನ್ನ ನೀವೇ ಬರೀಬೇಕು.