ಅಂಚು ಕತ್ತರಿಸಬೇಡಿ ರಾಯರೇ

ಹಳೆಯ ಪುಸ್ತಕಗಳ ದುರಸ್ತಿ ನನ್ನ ಕಸುಬು. ದಾವಣಗೆರೆಯ ಮಂಡಿಪೇಟೆಯ ಖಾತೆ ಪುಸ್ತಕಗಳಿಂದ ಹಿಡಿದು ದೇವರ ಮನೆಯ ಗೂಡಿನಲ್ಲಿ ಬಟ್ಟೆ ಸುತ್ತಿಟ್ಟ ಗ್ರಂಥಗಳವರೆಗೆ ಎಲ್ಲವೂ ನನ್ನ ಮೇಜಿಗೆ ಬರುತ್ತವೆ. ಕಳೆದ ತಿಂಗಳು ರಾಯರೆಂಬ ಹಿರಿಯರೊಬ್ಬರು ಕೆಂಪು ವಸ್ತ್ರದ ಗಂಟು ಬಿಚ್ಚಿ, “ನಮ್ಮ ಅಜ್ಜನವರು ಪಾಠ ಹೇಳುತ್ತಿದ್ದ ಸರ್ವಮೂಲ. ಮೂರೂ ಬದಿ ಕಟಿಂಗ್ ಮಾಡಿ, ಗಟ್ಟಿ ರಟ್ಟು ಹಾಕಿ, ಪುಟಗಳಿಗೆ ಲ್ಯಾಮಿನೇಷನ್ ಮಾಡಿಕೊಡಿ” ಎಂದರು. ಅವರು ಕೇಳಿದ್ದರಲ್ಲಿ ಒಂದನ್ನೂ ನಾನು ಮಾಡಲಿಲ್ಲ.

ಸರ್ವಮೂಲವೆಂದರೆ 13ನೆಯ ಶತಮಾನದ ಮಧ್ವಾಚಾರ್ಯರ ಸಮಸ್ತ ಕೃತಿಗಳು. ಸಂಪ್ರದಾಯದ ಎಣಿಕೆಯಲ್ಲಿ 37. ಅನುವ್ಯಾಖ್ಯಾನದಂಥ ಹಿರಿಯ ಗ್ರಂಥವೂ ಅದರಲ್ಲಿದೆ, ಎರಡೇ ಶ್ಲೋಕಗಳ ನಖಸ್ತುತಿಯೂ ಇದೆ. ಕೈಬರಹದ ಕಾಲದಲ್ಲಿ ಇಷ್ಟನ್ನೂ ಒಂದೇ ಮನೆಯಲ್ಲಿ ಇಟ್ಟುಕೊಳ್ಳಬೇಕಾದರೆ ಓಲೆಯಿಂದ ಓಲೆಗೆ ವರ್ಷಗಟ್ಟಲೆ ನಕಲು ಮಾಡಬೇಕಾಗಿತ್ತು. 1890ರ ದಶಕದಲ್ಲಿ ಕುಂಭಕೋಣದ ಟಿ.ಆರ್. ಕೃಷ್ಣಾಚಾರ್ಯರು ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದಲ್ಲಿ ಅದನ್ನು ದೇವನಾಗರಿಯಲ್ಲಿ ಅಚ್ಚು ಹಾಕಿಸಿದ ಮೇಲೆ, ಹಣ ಕೊಟ್ಟು ಕೊಳ್ಳುವ ಗ್ರಂಥವಾಯಿತು. ಜಾವಜಿ ದಾದಾಜಿ ಕಟ್ಟಿದ ಆ ಮುದ್ರಣಾಲಯದ ಅಚ್ಚುಮೊಳೆಗಳ ಅಂದ ಇಂದಿಗೂ ಕಣ್ಣಿಗೆ ತಂಪು.

ರಾಯರ ಪ್ರತಿಗೆ ಮುಖಪುಟವೇ ಇರಲಿಲ್ಲ. ಯಾವ ಮುದ್ರಣವೆಂದು ಊಹೆಯ ಮೇಲೆ ಬರೆದುಕೊಡುವುದು ನನಗೆ ಒಗ್ಗದು. ನಿಮ್ಮ ಪ್ರತಿಯಲ್ಲಿ ಮುಖಪುಟವಿದ್ದರೆ ಶಕವರ್ಷವನ್ನು ಹುಡುಕಿ, 78 ಸೇರಿಸಿ. ಶಕೆ 1814 ಎಂದಿದ್ದರೆ 1892. ಚೈತ್ರದಿಂದ ಚೈತ್ರಕ್ಕೆ ಎಣಿಸುವುದರಿಂದ ಮುಂದಿನ ವರ್ಷದ ಮೊದಲ ತಿಂಗಳುಗಳೂ ಆಗಬಹುದು.

ಕಾಗದದ ಸ್ಥಿತಿ ಚೆನ್ನಾಗಿರಲಿಲ್ಲ. ಆ ಕಾಲದ ಯಂತ್ರದ ಕಾಗದಕ್ಕೆ ಶಾಯಿ ಹರಡದಿರಲೆಂದು ರಾಳ ಮತ್ತು ಪಟಿಕ ಸೇರಿಸುತ್ತಿದ್ದರು. ಪಟಿಕದ ಹುಳಿ ನೂರು ವರ್ಷ ಒಳಗೊಳಗೇ ಕೆಲಸ ಮಾಡಿ ನಾರನ್ನು ತುಂಡರಿಸುತ್ತದೆ. ಹಾಳೆ ಮೊದಲು ಕಂದಾಗುತ್ತದೆ, ಆಮೇಲೆ ಹಪ್ಪಳದಂತೆ ಮುರಿಯುತ್ತದೆ. ಇಂಥದ್ದಕ್ಕೆ ಬಿಸಿ ಪ್ಲಾಸ್ಟಿಕ್ ಹೊದಿಸಿದರೆ ಹುಳಿ ಒಳಗೇ ಉಳಿಯುತ್ತದೆ. ಪ್ಲಾಸ್ಟಿಕ್ಕನ್ನು ಮರಳಿ ಬಿಡಿಸಲೂ ಆಗುವುದಿಲ್ಲ. ಸೆಲ್ಲೋಟೇಪಿನ ಸುದ್ದಿಯನ್ನು ಎತ್ತಲೇಬೇಡಿ. ಹರಿದಲ್ಲಿಗೆ ತೆಳುವಾದ ಜಪಾನಿ ಟಿಶ್ಯೂ ಕಾಗದ, ಗೋಧಿ ಪಿಷ್ಟದ ಅಂಟು ಸಾಕು. ಮೈದಾ ಅಂಟಿಗೆ ಮೈಲುತುತ್ತ ಬೆರೆಸುವ ನಮ್ಮ ಹಳೆಯ ಪದ್ಧತಿ ಹುಳುವನ್ನು ದೂರವಿಡುತ್ತದೆ ನಿಜ, ಆದರೆ ತಾಮ್ರದ ಅಂಶ ಕಾಗದವನ್ನೂ ಸುಡುತ್ತದೆ.

ಕಟಿಂಗ್ ಬೇಡವೆಂದದ್ದಕ್ಕೆ ಕಾರಣ ಮಾತ್ರ ಬೇರೆ. ಒಂದು ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ನಡುವೆ ದೇವನಾಗರಿ ಅಚ್ಚು. ಅಂಚಿನಲ್ಲಿ ಮಾಸಿದ ಕಪ್ಪು ಶಾಯಿಯಲ್ಲಿ, ಜೀರಿಗೆಯಷ್ಟು ಸಣ್ಣ ಕನ್ನಡ ಅಕ್ಷರ. ದೇವನಾಗರಿಯ ಭಕಾರಕ್ಕೂ ಮಕಾರಕ್ಕೂ ಇರುವ ಅಂತರ ಒಂದು ಸಣ್ಣ ಕುಣಿಕೆ ಮಾತ್ರ. ಇಲ್ಲಿ ‘ಭಾವ’ ಇರಬೇಕಾದಲ್ಲಿ ‘ಮಾವ’ ಬಂದು ಕುಳಿತಿದ್ದ. (ನೆಂಟಸ್ತಿಕೆಯೇನೋ ಹತ್ತಿರದ್ದೇ, ಅರ್ಥಕ್ಕೆ ಮಾತ್ರ ಸಂಬಂಧವಿಲ್ಲ.) ಅಜ್ಜನವರು ಅದನ್ನು ತಿದ್ದಿದ್ದರು. ಮುಂದಿನ ಸಾಲಿನಲ್ಲಿ ಒಂದು ಹಂಸಪಾದ (ಪದ ಬಿಟ್ಟುಹೋಗಿದೆ ಎನ್ನುವ ಗುರುತು) ಹಾಕಿ, ಬಿಟ್ಟುಹೋದ ಪದವನ್ನು ಅಂಚಿಗೆ ಬರೆದು, ಪಕ್ಕದಲ್ಲಿ ‘ಓಲೆ ಪಾಠ’, ಅಂದರೆ ಓಲೆಯಲ್ಲಿರುವ ಪದರೂಪ, ಎಂದು ಗುರುತು ಮಾಡಿದ್ದರು. ಎಂದರೆ ಅವರು ಅಚ್ಚಿನ ಪುಸ್ತಕವನ್ನು ಎದುರಿಗಿಟ್ಟುಕೊಂಡು ಯಾವುದೋ ತಾಳೆಗರಿಯೊಡನೆ ಹೋಲಿಸಿ ಓದಿದ್ದಾರೆ.

ಅಚ್ಚಾದದ್ದೆಲ್ಲ ಕೊನೆಯ ಪಾಠವೆಂದು ಅವರು ನಂಬಿರಲಿಲ್ಲ, ನಂಬದಿದ್ದದ್ದು ಸರಿಯೇ. ಮಧ್ವರ ನೇರ ಶಿಷ್ಯರಾದ ಹೃಷೀಕೇಶ ತೀರ್ಥರದ್ದೆನ್ನುವ ತುಳು ಲಿಪಿಯ ತಾಳೆಗರಿ ಗ್ರಂಥ ಉಡುಪಿಯ ಪಲಿಮಾರು ಮಠದಲ್ಲಿದೆ. ಅದನ್ನು ಆಧರಿಸಿ ಬನ್ನಂಜೆ ಗೋವಿಂದಾಚಾರ್ಯರು ಸಂಪಾದಿಸಿದ ಸರ್ವಮೂಲದ ಸಂಪುಟಗಳು 1969ರಿಂದ ಮುಂದಕ್ಕೆ ಉಡುಪಿಯಿಂದ ಬಂದವು. ರೂಢಿಯ ಅಚ್ಚಿನ ಪಾಠ ಎಷ್ಟೋ ಕಡೆ ಬದಲಾಯಿತು. ಸುಮಾರು 26 ಇಂಚು ಉದ್ದ, 2 ಇಂಚು ಅಗಲದ ಆ ಗರಿಗಳಲ್ಲಿ ಬರಿಗಣ್ಣಿಗೆ ಮಸುಕಾದ ಅಕ್ಷರಗಳನ್ನು ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ತಂಡ ಅವಕೆಂಪು (ಇನ್‌ಫ್ರಾರೆಡ್) ಬೆಳಕಿನ ಛಾಯಾಚಿತ್ರಗಳಲ್ಲಿ ಹಿಡಿದಿದೆ. ಅಜ್ಜನವರ ಬಳಿ ಇದ್ದದ್ದು ಶಾಯಿ ಮತ್ತು ತಾಳ್ಮೆ.

ಪುಟದ ಅಡಿಯಲ್ಲಿ ಇನ್ನೊಂದು ಟಿಪ್ಪಣಿ. ಅದರ ಕೊನೆಯ ಸಾಲಿನಲ್ಲಿ ಅಕ್ಷರಗಳ ತಲೆಕಟ್ಟು ಮಾತ್ರ ಉಳಿದಿದೆ. ಕೆಳಗಿನ ಅರ್ಧವನ್ನು ಹಿಂದೊಮ್ಮೆ ಯಾವುದೋ ಯಂತ್ರ ನೇರವಾಗಿ ಕತ್ತರಿಸಿದೆ. ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. “ಹೈಸ್ಕೂಲಿನಲ್ಲಿದ್ದಾಗ ನಾನೇ ಬೈಂಡಿಂಗಿಗೆ ಕೊಟ್ಟು ಬಂದಿದ್ದೆ” ಎಂದರು.

ಆ ಬೈಂಡಿಂಗನ್ನು ಬಿಚ್ಚಿ ಫಾರಂಗಳನ್ನು, ಅಂದರೆ ಮಡಿಸಿದ ಹಾಳೆಗಳ ಕಟ್ಟುಗಳನ್ನು, ಬಿಡಿಬಿಡಿಯಾಗಿಸಿದ್ದೇನೆ. ತುಕ್ಕು ಹಿಡಿದ ತಂತಿ ಪಿನ್ನುಗಳನ್ನು ತೆಗೆದಿದ್ದೇನೆ. ಮತ್ತೆ ಹೊಲಿಯುವುದಿಲ್ಲ, ಹೊಲಿಗೆಯ ಎಳೆತವನ್ನು ಈ ಹಾಳೆಗಳು ತಾಳಲಾರವು. ಹುಳಿಯಿಲ್ಲದ ಕಾಗದದಲ್ಲಿ ಫಾರಂಗಳನ್ನು ಮಡಿಸಿ, ಅಳತೆಗೆ ತಕ್ಕ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ ಕೊಡುತ್ತೇನೆ. ಹಳೆಯ ಕೆಂಪು ವಸ್ತ್ರವನ್ನೂ ಸೇರಿಸಿ ಎಂದರು ರಾಯರು. ಒಗೆದು, ನೆರಳಿನಲ್ಲಿ ಒಣಗಿಸಿ ತರಲು ಹೇಳಿದ್ದೇನೆ. ಬಣ್ಣ ಬಿಡದಿದ್ದರೆ ಪೆಟ್ಟಿಗೆಯ ಹೊರಗೆ ಸುತ್ತಬಹುದು.