ಓದುಗರ ಪ್ರಶ್ನೆ: ಕಡತಗಳು ಇರುವಾಗ ಅಜ್ಜಿಯ ನೆನಪನ್ನು ಇತಿಹಾಸವೆಂದು ನಂಬಬಹುದೆ?

ಪ್ರಶ್ನೆ: ಕೆನಡಾಕ್ಕೆ ವಲಸೆ ಹೋದ ಉಕ್ರೇನಿಯನ್ನರ ಬಗ್ಗೆ ಹಡಗಿನ ಪ್ರಯಾಣಿಕರ ಪಟ್ಟಿ, ಜಮೀನಿನ ಕಡತ, ಜನಗಣತಿ ಎಲ್ಲವೂ ಇವೆ. ಹೀಗಿರುವಾಗ ಸಂಶೋಧಕರು ಆ ಸಮುದಾಯದ ಹಿರಿಯರ ನೆನಪುಗಳನ್ನು ಧ್ವನಿಮುದ್ರಿಸಿಕೊಂಡು ಅದನ್ನೂ ಇತಿಹಾಸವೆನ್ನುವುದು ಏಕೆ? ಆ ಮಾತುಗಳನ್ನು ಎಷ್ಟರಮಟ್ಟಿಗೆ ನಂಬಬಹುದು?

ಉತ್ತರ: ಕೆನಡಾದ ಉಕ್ರೇನಿಯನ್ನರ ಇತಿಹಾಸದ ಮೊದಲ ಪುಟವೇ ಒಬ್ಬ ಮುದುಕರ ಬಾಯಿಮಾತಿನಿಂದ ಬಂದದ್ದು ಎಂಬುದರಿಂದ ಆರಂಭಿಸುವುದು ಸರಿ. ಇವಾನ್ ಪಿಲಿಪಿವ್ ಮತ್ತು ವಸಿಲ್ ಎಲೆನ್ಯಾಕ್ ಎಂಬ ಇಬ್ಬರು ರೈತರು, ಆಗ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿದ್ದ ಗಲೀಷಿಯಾ ಪ್ರಾಂತದ, ಇಂದು ಪಶ್ಚಿಮ ಉಕ್ರೇನ್‌ನಲ್ಲಿರುವ ನೆಬಿಲಿವ್ ಹಳ್ಳಿಯಿಂದ ಹೊರಟು, 1891ರ ಸೆಪ್ಟೆಂಬರ್ 7ರಂದು ‘ಒರೆಗಾನ್’ ಹಡಗಿನಲ್ಲಿ ಮಾಂಟ್ರಿಯಲ್ ತಲುಪಿದರು. ಈ ಸಮುದಾಯದ ವಲಸೆಯನ್ನು ಅಂದಿನಿಂದ ಎಣಿಸುವುದು ವಾಡಿಕೆ. ಅವರು ಬಂದಿಳಿದದ್ದನ್ನು ಕಾಗದದಿಂದ ತಿಳಿಯಬಹುದು, ಆದರೆ ಹೊರಟದ್ದು ಏಕೆಂಬುದನ್ನು ತಿಳಿಯಲಾಗದು. ಶಾಲೆಯಲ್ಲಿ ಕೆನಡಾದ ಹೆಸರು ಕಿವಿಗೆ ಬಿದ್ದದ್ದು, ಮೊದಲೇ ಅಲ್ಲಿಗೆ ಹೋಗಿದ್ದ ಜರ್ಮನ್ ಪರಿಚಿತರೊಂದಿಗೆ ಪತ್ರವ್ಯವಹಾರ ನಡೆದದ್ದು, ಜೊತೆಗೆ ಹೊರಟಿದ್ದ ಮೂರನೆಯವರು ಸಾಕಷ್ಟು ಹಣವಿಲ್ಲದೆ ಗಡಿಯಿಂದಲೇ ಹಿಂದಿರುಗಿದ್ದು, ಮನೆಯವರನ್ನು ಕರೆತರಲು ಊರಿಗೆ ಮರಳಿದ ತಾನು ನೆರೆಹೊರೆಯವರಿಗೂ ಹೊರಡಲು ಹೇಳಿದನೆಂಬ ಕಾರಣಕ್ಕೆ ಜೈಲು ಸೇರಿದ್ದು — ಇವನ್ನೆಲ್ಲ ಪಿಲಿಪಿವ್ 1932ರಲ್ಲಿ ಇವಾನ್ ಬೊಬರ್ಸ್ಕಿ ಎಂಬ ಶಿಕ್ಷಣತಜ್ಞರ ಮುಂದೆ ಹೇಳಿದರು, ಅವರು ಬರೆದುಕೊಂಡರು. ಘಟನೆಗೂ ಹೇಳಿಕೆಗೂ ನಡುವೆ 41 ವರ್ಷಗಳ ಅಂತರವಿತ್ತು. ನಾಲ್ಕು ವರ್ಷಗಳ ಬಳಿಕ ಪಿಲಿಪಿವ್ ತೀರಿಕೊಂಡರು. ಬೊಬರ್ಸ್ಕಿ ಹೋಗಿ ಕೇಳದಿದ್ದರೆ ನಮಗೆ ಉಳಿಯುತ್ತಿದ್ದದ್ದು ಎರಡು ಹೆಸರು ಮತ್ತು ಒಂದು ತಾರೀಖು ಮಾತ್ರ.

ಆ ಹೆಸರುಗಳಾದರೂ ಸರಿಯಾಗಿ ಉಳಿದವೆ ಎಂದರೆ ಅದೂ ಇಲ್ಲ. 1914ರೊಳಗೆ ಸುಮಾರು 1,70,000 ಮಂದಿ ಗಲೀಷಿಯಾ ಮತ್ತು ಅದರ ನೆರೆಯ ಬುಕೊವಿನಾ ಪ್ರಾಂತಗಳಿಂದ ಕೆನಡಾಕ್ಕೆ ಬಂದರು, ಆದರೆ ಅಂದಿನ ಸರ್ಕಾರಿ ಪುಸ್ತಕಗಳಲ್ಲಿ ‘ಉಕ್ರೇನಿಯನ್’ ಎಂಬ ಪದವನ್ನು ಹುಡುಕಿದರೆ ಅವರು ಸಿಗುವುದಿಲ್ಲ. ಗುಮಾಸ್ತರು ಅವರನ್ನು ಗಲೀಷಿಯನ್, ಬುಕೊವಿನಿಯನ್, ರುಥೇನಿಯನ್, ಆಸ್ಟ್ರಿಯನ್, ಕೆಲವೊಮ್ಮೆ ರಷ್ಯನ್ ಎಂದೂ ಬರೆದಿಟ್ಟಿದ್ದಾರೆ. ಸಿರಿಲಿಕ್ ಲಿಪಿಯ ಹೆಸರನ್ನು ಕಿವಿಗೆ ಕೇಳಿಸಿದಂತೆ ರೋಮನ್ ಅಕ್ಷರಕ್ಕೆ ಇಳಿಸುವಾಗ ಒಂದೇ ತಾಯಿಯ ಮಕ್ಕಳಿಗೆ ಎರಡು ಬಗೆಯ ಮನೆತನದ ಹೆಸರು ಬಿದ್ದದ್ದೂ ಉಂಟು. ಇವರೆಲ್ಲ ಒಂದೇ ಕುಟುಂಬವೆಂದು ಹೇಳಬಲ್ಲವರು ಆ ಮನೆಯವರೇ. ಕಾಗದವು ನಿಷ್ಪಕ್ಷಪಾತ, ನೆನಪು ಮಾತ್ರ ಪಕ್ಷಪಾತ ಎಂಬ ನಮ್ಮ ರೂಢಿಯ ನಂಬಿಕೆ ಇಲ್ಲಿಯೇ ಸಡಿಲವಾಗುತ್ತದೆ. ಕಡತವೂ ಒಬ್ಬ ಮನುಷ್ಯ ಇನ್ನೊಬ್ಬನನ್ನು ನೋಡಿ, ತನಗೆ ಬೇಕಾದಷ್ಟನ್ನು ಮಾತ್ರ ಬರೆದುಕೊಂಡ ಹೇಳಿಕೆಯೇ ಆಗಿದೆ.

ಜಮೀನಿನ ಕಡತವನ್ನು ನೋಡಿ. 1872ರ ಕಾಯ್ದೆಯ ಪ್ರಕಾರ 10 ಡಾಲರ್ ಶುಲ್ಕ ಕಟ್ಟಿದವರಿಗೆ 160 ಎಕರೆ ಭೂಮಿ ಸಿಗುತ್ತಿತ್ತು. ಅಲ್ಲಿ ವಾಸವಿದ್ದು ಮೂರು ವರ್ಷ ಸಾಗುವಳಿ ಮಾಡಿದ್ದನ್ನು ತೋರಿಸಿದರೆ ಹಕ್ಕುಪತ್ರ ಕೈಸೇರುತ್ತಿತ್ತು. ಎಷ್ಟು ಎಕರೆ ಉತ್ತಿದ್ದಾರೆ, ಎಷ್ಟು ದನಗಳಿವೆ, ಮನೆಯ ಅಳತೆ ಎಷ್ಟು ಎಂಬುದೆಲ್ಲ ಅರ್ಜಿಯಲ್ಲಿ ಇದೆ, ಆದರೆ ಉತ್ತವರು ಯಾರು ಎಂಬುದು ಇಲ್ಲ. ಅರ್ಜಿ ಗಂಡನ ಹೆಸರಿನಲ್ಲಿರುತ್ತದೆ. ಆ ಗಂಡ ನಗದು ಸಂಪಾದನೆಗಾಗಿ ರೈಲುಹಳಿಯ ಕೆಲಸಕ್ಕೋ ಗಣಿಗೋ ಹೋಗಿ ತಿಂಗಳುಗಟ್ಟಲೆ ದೂರವಿದ್ದಾಗ ಪೊದೆ ಕಡಿದು, ಬೇರು ಕಿತ್ತು, ಮಕ್ಕಳನ್ನು ಸಾಕಿ, ಚಳಿಗಾಲವನ್ನು ದಾಟಿಸಿದ ಹೆಂಡತಿಯ ದುಡಿಮೆ ಅರ್ಜಿಯ ಯಾವ ಕಲಮಿನಲ್ಲಿಯೂ ಬರುವುದಿಲ್ಲ. ಮೊದಲ ಚಳಿಗಾಲವನ್ನು ಹಲವರು ಕಳೆದದ್ದು ‘ಬುರ್ದೆಯ್’ ಎಂಬ ಗುಂಡಿಮನೆಯಲ್ಲಿ. ನೆಲವನ್ನು ಅಗೆದು, ಮೇಲೆ ಮರದ ಗಳುಗಳನ್ನು ಓರೆಯಾಗಿ ನಿಲ್ಲಿಸಿ, ಹುಲ್ಲುಸಹಿತ ಮಣ್ಣಿನ ಹೆಂಟೆಗಳನ್ನು ಹೊದಿಸಿದ ಆ ಗೂಡಿನಲ್ಲಿ ಮಳೆ ನಿಂತ ಮೇಲೂ ಸೋರುವುದು ನಿಲ್ಲುತ್ತಿರಲಿಲ್ಲ ಎಂಬಂಥ ವಿವರ ಬರುವುದು ಅಲ್ಲಿ ಮಗುವಾಗಿ ಮಲಗಿದ್ದವರ ಮಾತಿನಿಂದ. ಮಣ್ಣಿನ ಒಲೆಗೆ ಅವರು ‘ಪೀಚ್’ ಎನ್ನುತ್ತಾರೆ. ರೊಟ್ಟಿ ಬೇಯಲು ಒಲೆ ಹದವಾಗಿದೆಯೇ ಎಂದು ತಿಳಿಯಲು ಹೆಂಗಸರು ಒಳಗೆ ಒಂದು ಚಿಟಿಕೆ ಹಿಟ್ಟು ಎರಚುತ್ತಿದ್ದರು. ಹಿಟ್ಟು ತಕ್ಷಣ ಕರಿದಾದರೆ ಒಲೆ ಇನ್ನೂ ಆರಬೇಕು, ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗಿದರೆ ರೊಟ್ಟಿ ಇಡಬಹುದು. ಈ ಹದವನ್ನು ಯಾವ ಇಲಾಖೆಯೂ ದಾಖಲಿಸಿಕೊಂಡಿಲ್ಲ.

ಆಲ್ಬರ್ಟಾದ ಎಡ್ಮಂಟನ್ ನಗರದ ಪೂರ್ವಕ್ಕೆ ಉಕ್ರೇನಿಯನ್ ಸಾಂಸ್ಕೃತಿಕ ಪರಂಪರೆಯ ಗ್ರಾಮವೆಂಬ ಬಯಲು ವಸ್ತುಸಂಗ್ರಹಾಲಯವಿದೆ. 1971ರಲ್ಲಿ ಆರಂಭವಾಗಿ 1975ರಲ್ಲಿ ಪ್ರಾಂತೀಯ ಸರ್ಕಾರದ ವಶಕ್ಕೆ ಬಂದ ಈ ಗ್ರಾಮಕ್ಕೆ ಹಳೆಯ ಮನೆ, ಚರ್ಚು, ಅಂಗಡಿಗಳನ್ನು ಅವು ಇದ್ದಲ್ಲಿಂದ ತಂದು ನಿಲ್ಲಿಸಲಾಗಿದೆ. ಪಿಲಿಪಿವ್ ಅವರ ಮನೆಯೂ ಇಲ್ಲಿದೆ. ಇಂಥ ಮನೆಯೊಂದನ್ನು ಹಿಂದಿನ ರೂಪಕ್ಕೆ ತರುವಾಗ ಮೌಖಿಕ ಸಾಕ್ಷ್ಯ ಹೇಗೆ ಕೆಲಸ ಮಾಡುತ್ತದೆಂಬುದು ಚೆನ್ನಾಗಿ ಕಾಣುತ್ತದೆ. ಆ ಮನೆಯಲ್ಲಿ ಬೆಳೆದವರನ್ನು ಕರೆಸಿ, ದೇವರ ಪಟಗಳು ಪೂರ್ವದ ಗೋಡೆಯಲ್ಲಿ ಎಲ್ಲಿದ್ದವು, ಒಲೆ ಯಾವ ಮೂಲೆಯಲ್ಲಿತ್ತು, ಬಾಗಿಲಿಗೆ ಯಾವ ಬಣ್ಣವಿತ್ತು ಎಂದು ಕೇಳುತ್ತಾರೆ. ಬಳಿಕ ಬಣ್ಣದ ಪದರಗಳನ್ನು ಕೆರೆದು, ಗೋಡೆಯಲ್ಲಿ ಉಳಿದ ಗುರುತುಗಳನ್ನು ನೋಡಿ ಆ ಮಾತನ್ನು ತಾಳೆ ಹಾಕುತ್ತಾರೆ. ನೆನಪು ತಪ್ಪಿದಲ್ಲಿ ಗೋಡೆ ತಿದ್ದುತ್ತದೆ, ಗೋಡೆ ಬಾಯಿ ಬಿಡದಲ್ಲಿ ನೆನಪು ಹೇಳುತ್ತದೆ.

ಧ್ವನಿಮುದ್ರಿಕೆಯಿಂದ ಇನ್ನೊಂದು ಲಾಭವಿದೆ: ಮಾತಿನ ವಿಷಯದೊಂದಿಗೆ ಮಾತಿನ ರೀತಿಯೂ ಉಳಿಯುತ್ತದೆ. ಜಾನಪದ ವಿದ್ವಾಂಸ ರಾಬರ್ಟ್ ಕ್ಲಿಮಾಶ್ 1960ರ ದಶಕದಲ್ಲಿ ಕೆನಡಾದ ಹುಲ್ಲುಗಾವಲಿನ ಪ್ರಾಂತಗಳಲ್ಲಿ ಸುತ್ತಿ ವಲಸಿಗರ ಹಾಡುಗಳನ್ನು ಸಂಗ್ರಹಿಸಿದರು. ಈ ಊರುಗಳ ಹಿರಿಯರ ಭಾಷೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಗಲೀಷಿಯಾದ ಹಳ್ಳಿಮಾತು, ಇಂಗ್ಲಿಷಿನಿಂದ ಬಂದು ಉಕ್ರೇನಿಯನ್ ಪ್ರತ್ಯಯ ಹಚ್ಚಿಕೊಂಡ ‘ಕಾರಾ’, ‘ಶ್ಟೋರ್’ನಂಥ ಪದಗಳೊಂದಿಗೆ ಸೇರಿಕೊಂಡಿದೆ. ಅಜ್ಜಿ ಅವರಿಗೆ ‘ಬಾಬಾ’, ಅಜ್ಜ ‘ಗಿದೊ’. ತಂದೆಯ ಸಹೋದರನಿಗೆ ‘ಸ್ತ್ರೀಕೊ’, ತಾಯಿಯ ಸಹೋದರನಿಗೆ ‘ವುಯ್ಕೊ’ ಎಂದು ಬೇರೆ ಬೇರೆ ಪದಗಳಿದ್ದವು. ಇಂಗ್ಲಿಷಿನ ಒಂದೇ ‘ಅಂಕಲ್’ ಬಂದು ಎರಡನ್ನೂ ನುಂಗುವ ಪ್ರಸಂಗವನ್ನು ಚಿಕ್ಕಪ್ಪ, ಸೋದರಮಾವ ಎಂಬ ಭೇದವಿರುವ ನಮಗೆ ವಿವರಿಸಿ ಹೇಳಬೇಕಾಗಿಲ್ಲ.

ಆದರೆ ಮೌಖಿಕ ಸಾಕ್ಷ್ಯದ ನಿಜವಾದ ತೂಕ ತಿಳಿಯುವುದು ದಾಖಲೆಯೇ ಇಲ್ಲವಾದಾಗ. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಆಸ್ಟ್ರಿಯಾದ ಪಾಸ್‌ಪೋರ್ಟ್ ಹಿಡಿದು ಬಂದಿದ್ದ ಈ ರೈತರು ಒಮ್ಮೆಗೇ ಶತ್ರುದೇಶದವರಾದರು. 1920ರವರೆಗೆ 24 ಬಂಧನ ಶಿಬಿರಗಳಲ್ಲಿ 8,579 ಮಂದಿಯನ್ನು ಇರಿಸಲಾಯಿತು. ಅವರಲ್ಲಿ ಸುಮಾರು 5,000 ಮಂದಿ ಉಕ್ರೇನಿಯನ್ನರು. ಸುಮಾರು 80,000 ಮಂದಿ ಹೆಸರು ನೋಂದಾಯಿಸಿ ಅಧಿಕಾರಿಗಳ ಮುಂದೆ ನಿಯತವಾಗಿ ಹಾಜರಾಗಬೇಕಾಯಿತು. ಈ ಕಾರ್ಯಾಚರಣೆಯ ಬಹುಪಾಲು ಕಡತಗಳನ್ನು 1950ರ ದಶಕದಲ್ಲಿ ಸರ್ಕಾರವೇ ನಾಶಪಡಿಸಿತು. ಒಳಗಿದ್ದವರಲ್ಲಿ ಅನೇಕರು ಅವಮಾನದಿಂದಲೋ ಭಯದಿಂದಲೋ ಮಕ್ಕಳ ಮುಂದೆಯೂ ಬಾಯಿ ಬಿಡಲಿಲ್ಲ. ಮಾಂಟ್ರಿಯಲ್‌ನಲ್ಲಿಯೇ ಹುಟ್ಟಿದ ಮೇರಿ ಮಾಂಕೊ ಹ್ಯಾಸ್ಕೆಟ್ ಆರನೆಯ ವಯಸ್ಸಿನಲ್ಲಿ ಕುಟುಂಬದೊಂದಿಗೆ ಕ್ವಿಬೆಕ್‌ನ ಸ್ಪಿರಿಟ್ ಲೇಕ್ ಶಿಬಿರ ಸೇರಿದ್ದರು. ಅವರ ಪುಟ್ಟ ತಂಗಿ ಅಲ್ಲಿಯೇ ತೀರಿಕೊಂಡಳು. ಅವರು ಮುಪ್ಪಿನಲ್ಲಿ ಅದನ್ನು ಬಹಿರಂಗವಾಗಿ ಹೇಳಿದಾಗ, ಅಂಕಿಗಳಲ್ಲಿ ಉಳಿದಿದ್ದ ಸಂಗತಿಗೆ ಒಬ್ಬ ವ್ಯಕ್ತಿಯ ಮುಖ ಬಂದಿತು. ಕೆನಡಾದ ಸಂಸತ್ತು ಈ ಬಂಧನವನ್ನು ಮಾನ್ಯಮಾಡುವ ಕಾಯ್ದೆಯನ್ನು 2005ರಲ್ಲಿ ಅಂಗೀಕರಿಸಿತು, 2008ರಲ್ಲಿ ಸ್ಮರಣೆಯ ಕೆಲಸಕ್ಕೆಂದು 1 ಕೋಟಿ ಡಾಲರ್ ನಿಧಿ ಸ್ಥಾಪನೆಯಾಯಿತು. ಹ್ಯಾಸ್ಕೆಟ್ 2007ರಲ್ಲಿ ನಿಧನರಾಗಿದ್ದರು.

ಸೋವಿಯತ್ ಆಳ್ವಿಕೆಯ ಉಕ್ರೇನ್‌ನಲ್ಲಿ 1932-33ರಲ್ಲಿ ಆದ ಮಹಾಕ್ಷಾಮದ ವಿಷಯದಲ್ಲಿಯೂ ಹೀಗೆಯೇ ಆಯಿತು. ಸೋವಿಯತ್ ಸರ್ಕಾರ ಅಂಥ ಕ್ಷಾಮ ಆಗಲೇ ಇಲ್ಲವೆಂದು ದಶಕಗಳ ಕಾಲ ಹೇಳುತ್ತಿದ್ದಾಗ, ಎರಡನೆಯ ಮಹಾಯುದ್ಧದ ನಂತರ ನಿರಾಶ್ರಿತರಾಗಿ ಅಮೆರಿಕ, ಕೆನಡಾ ಸೇರಿದ್ದವರ ನೆನಪೇ ಮುಖ್ಯ ಸಾಕ್ಷ್ಯವಾಗಿತ್ತು. ಅಮೆರಿಕದ ಕಾಂಗ್ರೆಸ್ 1985ರಲ್ಲಿ ರಚಿಸಿದ, ಜೇಮ್ಸ್ ಮೇಸ್ ನಿರ್ದೇಶಕರಾಗಿದ್ದ ಆಯೋಗವು ಸುಮಾರು 200 ಮಂದಿಯ ಹೇಳಿಕೆಗಳನ್ನು ಪಡೆಯಿತು. ಅವು 1990ರಲ್ಲಿ ಮೂರು ಸಂಪುಟಗಳಾಗಿ ಬಂದವು. ಊರಿನಲ್ಲಿ ಉಳಿದ ಬಂಧುಗಳಿಗೆ ತೊಂದರೆಯಾದೀತೆಂದು ಹೆಸರನ್ನು ಮರೆಮಾಚಿ ಮಾತನಾಡಿದವರು ಅವರಲ್ಲಿ ಅನೇಕರು.

ಇಷ್ಟು ಹೇಳಿದ ಮೇಲೆ ಪ್ರಶ್ನೆಯ ಎರಡನೆಯ ಭಾಗವನ್ನು ತಪ್ಪಿಸಿಕೊಳ್ಳುವಂತಿಲ್ಲ. ನೆನಪು ತಪ್ಪುತ್ತದೆ, ಅದರಲ್ಲಿಯೂ ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದ ನೆನಪು ಒಂದು ನಿರ್ದಿಷ್ಟ ದಿಕ್ಕಿಗೆ ವಾಲುತ್ತದೆ. ‘ನಮ್ಮ ಅಜ್ಜ ಬರಿಗೈಯಲ್ಲಿ ಬಂದ’ ಎಂಬ ಮಾತು ಈ ಕುಟುಂಬಗಳಲ್ಲಿ ಸಾಮಾನ್ಯವಾಗಿ ಕೇಳಿಬರುತ್ತದೆ. ಆದರೆ ಹಡಗಿನ ಟಿಕೆಟಿಗೆ ಹಣ ಬೇಕಿತ್ತು. ಬರಿಗೈಯವರ ಗತಿ ಏನೆಂಬುದನ್ನು ಪಿಲಿಪಿವ್ ಅವರ ಮೂರನೆಯ ಸಂಗಾತಿಯ ಕಥೆಯೇ ಹೇಳುತ್ತದೆ. ಬಹುಮಂದಿ ಊರಿನ ತುಂಡುಭೂಮಿಯನ್ನು ಮಾರಿ ಬಂದವರೇ. ಇನ್ನೊಂದು ವಾಲಿಕೆ ಇದಕ್ಕಿಂತ ದೊಡ್ಡದು. ಲ್ವಿವ್‌ನ ಕೃಷಿತಜ್ಞ ಯೋಸಿಫ್ ಒಲೆಸ್ಕಿವ್ 1895ರಲ್ಲಿ ಬರೆದ ಪುಸ್ತಿಕೆ ಕೆನಡಾದ ಭೂಮಿಯನ್ನು ಯಾರ ಹಂಗೂ ಇಲ್ಲದ ಭೂಮಿಯೆಂದು ಪರಿಚಯಿಸಿತ್ತು, ಕುಟುಂಬಗಳ ಕಥೆಗಳಲ್ಲಿಯೂ ಅದು ಖಾಲಿ ಬಿದ್ದ ನೆಲವಾಗಿಯೇ ಉಳಿಯಿತು. ಆದರೆ ಅವರು ನೆಲೆಸಿದ ಆಲ್ಬರ್ಟಾದ ಈ ಭಾಗ, ಬ್ರಿಟಿಷ್ ರಾಜಪ್ರಭುತ್ವ ಮೂಲನಿವಾಸಿಗಳೊಂದಿಗೆ ಮಾಡಿಕೊಂಡ 1876ರ ಆರನೆಯ ಒಪ್ಪಂದದ ವ್ಯಾಪ್ತಿಗೆ ಬಂದದ್ದು. ಅದು ಕ್ರೀ ಮೊದಲಾದ ಮೂಲನಿವಾಸಿಗಳ ನೆಲವಾಗಿತ್ತು. ಈ ಮೌನವನ್ನು ಗಮನಿಸದೆ ಕೇವಲ ಅಜ್ಜಿಯ ಕಥೆಯನ್ನು ಒಪ್ಪಿಸುವ ಬರಹ ನನ್ನ ದೃಷ್ಟಿಯಲ್ಲಿ ಅರ್ಧ ಇತಿಹಾಸವೂ ಅಲ್ಲ.

ಆದ್ದರಿಂದ ಅನುಭವಿ ಸಂದರ್ಶಕರು ತಾರೀಖನ್ನೂ ಬೆಲೆಯನ್ನೂ ಕಡತದಲ್ಲಿ ಹುಡುಕುತ್ತಾರೆ. ಕೆಲಸ ಹೇಗೆ ನಡೆಯಿತು, ಯಾರು ಮಾಡಿದರು, ಯಾವುದನ್ನು ಹೇಳದೆ ಬಿಟ್ಟರು ಎಂಬುದನ್ನು ಮಾತಿನಲ್ಲಿ ಕೇಳುತ್ತಾರೆ. ಎದುರೆದುರು ಕೂರಿಸಿ ‘ನಿಮ್ಮ ಜೀವನದ ಬಗ್ಗೆ ಹೇಳಿ’ ಎಂದರೆ ಎರಡು ವಾಕ್ಯಕ್ಕೆ ಮಾತು ಮುಗಿಯುತ್ತದೆ. ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಸಾಲಾಗಿ ಕುಳಿತು, ಆಲೂಗಡ್ಡೆಯ ಹೂರಣ ತುಂಬಿ, ಕಡುಬಿನಂಥ ಪಿರೋಹಿಯ ಅಂಚನ್ನು ಬೆರಳಿನಿಂದ ಒತ್ತುತ್ತಿರುವಾಗ ಅದೇ ಮಾತು ಗಂಟೆಗಟ್ಟಲೆ ಹರಿಯುತ್ತದೆ, ಒಬ್ಬರು ತಪ್ಪಿದ್ದನ್ನು ಪಕ್ಕದವರು ಅಲ್ಲಿಯೇ ತಿದ್ದುತ್ತಾರೆ.

2022ರ ಯುದ್ಧದ ನಂತರ ತುರ್ತು ವೀಸಾದ ಮೇಲೆ 3 ಲಕ್ಷಕ್ಕೆ ಹತ್ತಿರದಷ್ಟು ಉಕ್ರೇನಿಯನ್ನರು ಕೆನಡಾ ತಲುಪಿದ್ದಾರೆ. ಪಿಲಿಪಿವ್ ಅವರನ್ನು 41 ವರ್ಷಗಳ ಬಳಿಕ ಕೇಳಲಾಯಿತು, ಇವರ ಮಾತನ್ನು ಬಂದ ಕೆಲವೇ ತಿಂಗಳಲ್ಲಿ ಧ್ವನಿಮುದ್ರಿಸಿಕೊಳ್ಳಲು ಸಾಧ್ಯವಾಗಿದೆ. ತಾರೀಖು, ಬೀದಿಯ ಹೆಸರು, ರೈಲು ಹೊರಟ ಹೊತ್ತು ಎಲ್ಲವೂ ಇವರಲ್ಲಿ ಇನ್ನೂ ಮಾಸಿಲ್ಲ. ಆದರೆ ಗಂಡನೋ ಮಗನೋ ಯುದ್ಧಭೂಮಿಯಲ್ಲಿರುವಾಗ ಮಾತನಾಡುವವರಿಗೆ ತಾವು ವಲಸಿಗರೋ, ಮರಳಿ ಹೋಗುವ ಅತಿಥಿಗಳೋ ಎಂಬುದೇ ತೀರ್ಮಾನವಾಗಿಲ್ಲ. ಹಾಗಾಗಿ ಇಂಥ ಸಂದರ್ಶನ ಆರಂಭವಾಗುವ ಮುನ್ನ ಒಪ್ಪಿಗೆಪತ್ರವನ್ನು ಓದಿ ಹೇಳಬೇಕು: ಹೆಸರು ಬೇಡವೆಂದರೆ ತೆಗೆಯುತ್ತೇವೆ, ಇಷ್ಟು ವರ್ಷ ತೆರೆಯಬೇಡಿ ಎಂದರೆ ಮುಚ್ಚಿಡುತ್ತೇವೆ, ನಡುವೆ ಸಾಕೆಂದರೆ ಅಲ್ಲಿಗೇ ನಿಲ್ಲಿಸುತ್ತೇವೆ.