ಲಿಂಕನ್ನರ ಅಂತಿಮಯಾತ್ರೆಯ ರೈಲು ಮತ್ತು ಒಂದು ದೇಶದ ನೆನಪು

ಎಫ್. ಡಬ್ಲ್ಯು. ಕೋಲ್‌ಗ್ರೋವ್ ಎಂಬ ಅಮೆರಿಕದ ಮನೋವಿಜ್ಞಾನಿ 1899ರಲ್ಲಿ ಪ್ರಕಟಿಸಿದ ಅಧ್ಯಯನವೊಂದಕ್ಕಾಗಿ 179 ಮಂದಿ ನಡುವಯಸ್ಕರಿಗೂ ವೃದ್ಧರಿಗೂ ಒಂದು ಪ್ರಶ್ನೆ ಕೇಳಿದರು: ಅಬ್ರಹಾಂ ಲಿಂಕನ್ ಅವರಿಗೆ ಗುಂಡೇಟು ಬಿದ್ದ ಸುದ್ದಿ ತಿಳಿದಾಗ ನೀವು ಎಲ್ಲಿದ್ದಿರಿ ಎಂಬುದು ನೆನಪಿದೆಯೇ? ಕೊಲೆ ನಡೆದು ಮೂರು ದಶಕಗಳ ಮೇಲಾಗಿದ್ದರೂ 127 ಮಂದಿ ನೆನಪಿದೆ ಎಂದರು. ಎಲ್ಲಿದ್ದೆವು, ಎಷ್ಟು ಹೊತ್ತಾಗಿತ್ತು, ಸುದ್ದಿ ತಂದವರು ಯಾರು ಎಂಬುದನ್ನೆಲ್ಲ ಬಿಡಿಸಿ ಹೇಳಿದರು. ತಾನು ಬಾಗಿಲ ಬಳಿ ಗುಲಾಬಿ ಗಿಡ ನೆಡುತ್ತಿದ್ದಾಗ ಗಂಡ ಅಂಗಳಕ್ಕೆ ಬಂದು ತಿಳಿಸಿದನೆಂದೂ, ಆಗ ಬೆಳಗಿನ ಹನ್ನೊಂದರ ಸುಮಾರೆಂದೂ ಎಪ್ಪತ್ತೊಂಬತ್ತರ ವೃದ್ಧೆಯೊಬ್ಬರು ಉತ್ತರಿಸಿದ್ದರು. ಆಘಾತದ ಸುದ್ದಿ ಮನಸ್ಸಿನಲ್ಲಿ ಹೇಗೆ ಅಚ್ಚೊತ್ತುತ್ತದೆ ಎಂಬುದರ ಕುರಿತು ನಡೆದ ಮೊದಮೊದಲ ವೈಜ್ಞಾನಿಕ ವಿಚಾರಣೆಗಳಲ್ಲಿ ಇದೂ ಒಂದು.

ಒಂದು ಕೊಲೆಯ ನೆನಪು ಇಷ್ಟು ಕಾಲ, ಇಷ್ಟು ಜನರಲ್ಲಿ ಉಳಿಯಲು ಆಘಾತವೊಂದೇ ಸಾಲದು. ಲಿಂಕನ್ ಬದುಕಿದ್ದಾಗ ಎಲ್ಲರೂ ಮೆಚ್ಚಿದ ನಾಯಕರೇನೂ ಆಗಿರಲಿಲ್ಲ. ಉತ್ತರದ ರಾಜ್ಯಗಳಲ್ಲೇ ಅವರನ್ನು ಕಟುವಾಗಿ ಟೀಕಿಸುವ ಪತ್ರಿಕೆಗಳಿದ್ದವು, ಅವರ ಸಾವಿಗೆ ಸಂತೋಷಪಟ್ಟವರೂ ಇದ್ದರು. 1865ರ ಏಪ್ರಿಲ್ 14ರ ರಾತ್ರಿ ವಾಷಿಂಗ್ಟನ್ನಿನ ಫೋರ್ಡ್ಸ್ ಥಿಯೇಟರಿನಲ್ಲಿ ಜಾನ್ ವಿಲ್ಕ್ಸ್ ಬೂತ್ ಹಾರಿಸಿದ ಗುಂಡಿಗೂ ಮೇ 4ರಂದು ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ನಡೆದ ಅಂತ್ಯಸಂಸ್ಕಾರಕ್ಕೂ ನಡುವಿನ ಸುಮಾರು ಇಪ್ಪತ್ತು ದಿನಗಳಲ್ಲಿ, ಮೃತದೇಹವನ್ನು ಹೊತ್ತ ರೈಲೊಂದು ಏಳು ರಾಜ್ಯಗಳನ್ನು ಹಾದು 1,650 ಮೈಲಿಗಳಷ್ಟು ದೂರ ಸಾಗಿತು. ಜನರ ಶೋಕಕ್ಕೆ ಒಂದು ಸ್ಥಳವನ್ನೂ ಒಂದು ಹೊತ್ತನ್ನೂ ಕೊಟ್ಟದ್ದು ಆ ರೈಲು. ಹತ್ತು ವರ್ಷ ಮೊದಲು ಇಂಥ ಯಾತ್ರೆ ಸಾಧ್ಯವಾಗುತ್ತಿತ್ತೇ ಎಂಬುದು ಅನುಮಾನ. ಅದರ ಹಿಂದೆ ಆ ಕಾಲದ ರಸಾಯನಶಾಸ್ತ್ರವಿತ್ತು, ತಂತಿ ಸಂಪರ್ಕವಿತ್ತು, ರೈಲ್ವೆಯ ಶಿಸ್ತಿತ್ತು.

ಮೊದಲ ತೊಡಕು ದೇಹದ್ದೇ. ಸಾವಿನ ನಂತರ ಜೀವಕೋಶಗಳ ಒಳಗಿನ ಕಿಣ್ವಗಳು ಕೋಶಗಳನ್ನೇ ಕರಗಿಸತೊಡಗುತ್ತವೆ. ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು, ತಡೆಯುವ ರೋಗನಿರೋಧಕ ವ್ಯವಸ್ಥೆ ಇಲ್ಲದ್ದರಿಂದ, ಉಳಿದ ಅಂಗಾಂಶಗಳಿಗೆ ಹರಡುತ್ತವೆ. ವಸಂತದ ಹವೆಯಲ್ಲಿ ಮೂರು ವಾರ ದೇಹವನ್ನು ತೆರೆದ ಪೆಟ್ಟಿಗೆಯಲ್ಲಿ ಜನರ ಮುಂದಿಡುವುದು ಹಳೆಯ ಪದ್ಧತಿಯಾದ ಮಂಜುಗಡ್ಡೆಯಿಂದ ಆಗುವ ಕೆಲಸವಾಗಿರಲಿಲ್ಲ. ಆದರೆ ಅಂತರ್ಯುದ್ಧದ ನಾಲ್ಕು ವರ್ಷಗಳು ಅಮೆರಿಕದಲ್ಲಿ ಒಂದು ಹೊಸ ಕಸುಬನ್ನೇ ಹುಟ್ಟುಹಾಕಿದ್ದವು. ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತ ಆ ಯುದ್ಧದಲ್ಲಿ, ಹಣವಿದ್ದ ಕುಟುಂಬಗಳು ದೂರದ ರಣಭೂಮಿಯಿಂದ ಮಗನ ದೇಹವನ್ನು ಊರಿಗೆ ತರಿಸಿಕೊಳ್ಳಲು ಬಯಸಿದವು. ಅದಕ್ಕಾಗಿ ಎಂಬಾಮಿಂಗ್, ಎಂದರೆ ಮೃತದೇಹ ಕೊಳೆಯದಂತೆ ರಾಸಾಯನಿಕಗಳಿಂದ ಕಾಪಾಡುವ ಕೆಲಸ, ಮಾಡುವವರು ಸೇನೆಯ ಬಿಡಾರಗಳ ಬಳಿಯೇ ಅಂಗಡಿ ತೆರೆದರು. 1861ರ ಮೇ ತಿಂಗಳಲ್ಲಿ ಲಿಂಕನ್ನರ ಆಪ್ತ ತರುಣ ಕರ್ನಲ್ ಎಲ್ಮರ್ ಎಲ್ಸ್‌ವರ್ತ್ ಹತನಾದಾಗ ಥಾಮಸ್ ಹೋಮ್ಸ್ ಎಂಬವರು ಅವನ ದೇಹವನ್ನು ಕೆಡದಂತೆ ಕಾಪಾಡಿಕೊಟ್ಟಿದ್ದರು. 1862ರ ಫೆಬ್ರವರಿಯಲ್ಲಿ ಅಧ್ಯಕ್ಷರ ಹನ್ನೊಂದು ವರ್ಷದ ಮಗ ವಿಲ್ಲಿ ತೀರಿಕೊಂಡಾಗ ವಾಷಿಂಗ್ಟನ್ನಿನ ಬ್ರೌನ್ ಮತ್ತು ಅಲೆಕ್ಸಾಂಡರ್ ಸಂಸ್ಥೆ ಅದೇ ಕೆಲಸ ಮಾಡಿತು. ಮೂರು ವರ್ಷದ ನಂತರ ತಂದೆಯ ದೇಹವೂ ಅದೇ ಸಂಸ್ಥೆಯವರ ಕೈಗೆ ಬಂತು.

ಇಂದು ಬಳಸುವ ಫಾರ್ಮಾಲ್ಡಿಹೈಡ್ ಆಗ ಈ ಕೆಲಸಕ್ಕೆ ಒದಗಿರಲಿಲ್ಲ. ಅಂಗಾಂಶಗಳನ್ನು ಗಟ್ಟಿಗೊಳಿಸುವ ಅದರ ಗುಣ ಬೆಳಕಿಗೆ ಬಂದದ್ದು 1890ರ ದಶಕದಲ್ಲಿ. ಆಗಿನ ಕಸುಬುದಾರರು ಆರ್ಸೆನಿಕ್, ಪಾದರಸದ ಲವಣ, ಸತುವಿನ ಕ್ಲೋರೈಡ್ ಮುಂತಾದವನ್ನು ನೆಚ್ಚಿಕೊಂಡಿದ್ದರು. ಬ್ರೌನ್ ಮತ್ತು ಅಲೆಕ್ಸಾಂಡರ್ ಅವರದು ಸತುವಿನ ಕ್ಲೋರೈಡ್ ದ್ರಾವಣ. ರಕ್ತವನ್ನು ಹೊರತೆಗೆದು, ತೊಡೆಯ ಅಪಧಮನಿಯ ಮೂಲಕ ದ್ರಾವಣವನ್ನು ಒಳಗೆ ತಳ್ಳಿದರೆ, ಜೀವವಿದ್ದಾಗ ರಕ್ತ ಹರಿದ ದಾರಿಗಳಲ್ಲೇ ಅದು ಇಡೀ ದೇಹಕ್ಕೆ ಹಬ್ಬುತ್ತದೆ. ಸತುವಿನ ಅಯಾನುಗಳು ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳ ಆಕಾರವನ್ನು ಕೆಡಿಸುತ್ತವೆ. ಕಾಸಿದ ಹಾಲಿಗೆ ನಿಂಬೆರಸ ಹಿಂಡಿದಾಗ ಅದು ಒಡೆದು ಗಟ್ಟಿಯಾಗುವಂತೆ ಅಂಗಾಂಶವೂ ಬಿಗಿಯಾಗಿ ಬೆಳ್ಳಗಾಗುತ್ತದೆ. ಆಕಾರ ಕೆಟ್ಟ ಕಿಣ್ವಗಳು ಕೆಲಸ ಮಾಡಲಾರವು, ಬ್ಯಾಕ್ಟೀರಿಯಾಗಳೂ ಬದುಕಲಾರವು. ಲಿಂಕನ್ನರ ದೇಹ ಅಮೃತಶಿಲೆಯಂತಾಯಿತೆಂದು ಆಗಿನ ಪತ್ರಿಕೆಗಳು ಬರೆದದ್ದು ಪೂರ್ತಿ ಅಲಂಕಾರದ ಮಾತಲ್ಲ.

ಆದರೂ ಈ ರಸಾಯನಕ್ಕೆ ಮಿತಿಯಿತ್ತು. ಅಂಗಾಂಶ ಕೊಳೆಯದಿದ್ದರೂ ಚರ್ಮ ಒಣಗುವುದನ್ನು ಸತುವಿನ ಲವಣ ತಡೆಯದು. ಒಣಗಿದ ಚರ್ಮ ಕುಗ್ಗಿ ಕಪ್ಪಾಗುತ್ತದೆ. ಜೊತೆಗೆ, ತಲೆಯ ಹಿಂಭಾಗದಿಂದ ಹೊಕ್ಕ ಸೀಸದ ಗುಂಡಿನ ಹೊಡೆತಕ್ಕೆ ಕಣ್ಣುಗುಳಿಗಳ ಮೇಲಿನ ತೆಳುವಾದ ಎಲುಬುಗಳೂ ಸೀಳಿದ್ದವು ಎಂಬುದನ್ನು ಮರಣೋತ್ತರ ಪರೀಕ್ಷೆ ಕಂಡುಕೊಂಡಿತ್ತು. ಅಲ್ಲಿ ಸೋರಿದ ರಕ್ತ ಕಣ್ಣಿನ ಸುತ್ತ ಕಪ್ಪು ಕಲೆಯಾಗಿ ನಿಂತಿತ್ತು. ಯಾತ್ರೆಯುದ್ದಕ್ಕೂ ಬ್ರೌನ್ ಜೊತೆಗಿದ್ದು ಮುಖದ ಮೇಲಿನ ಧೂಳನ್ನು ಒರೆಸಿ, ಬಣ್ಣವನ್ನು ಸರಿಪಡಿಸುತ್ತಲೇ ಇರಬೇಕಾಯಿತು. ನ್ಯೂಯಾರ್ಕಿಗೆ ಬರುವ ಹೊತ್ತಿಗೆ ಮುಖ ಬಾಡಿರುವುದನ್ನು ಕೆಲವು ಪತ್ರಿಕೆಗಳು ಮುಚ್ಚಿಡದೆ ಬರೆದವು. ಅಷ್ಟಾದರೂ, 1901ರಲ್ಲಿ ಸಮಾಧಿಯನ್ನು ಭದ್ರಪಡಿಸುವ ಮೊದಲು ಶವಪೆಟ್ಟಿಗೆಯನ್ನು ತೆರೆದಾಗ, ಮೂವತ್ತಾರು ವರ್ಷಗಳ ನಂತರವೂ ಆ ಮುಖವನ್ನು ಗುರುತಿಸಬಹುದಾಗಿತ್ತೆಂದು ಅಲ್ಲಿದ್ದವರು ಸಾಕ್ಷಿ ಹೇಳಿದರು.

ರೈಲಿನ ಕಥೆ ಬೇರೆ ಬಗೆಯದು. ಅಮೆರಿಕದಲ್ಲಿ ಆಗ ಒಂದೇ ರೈಲ್ವೆ ಇರಲಿಲ್ಲ. ಹತ್ತಾರು ಖಾಸಗಿ ಕಂಪನಿಗಳು, ಅವುಗಳ ಬೇರೆ ಬೇರೆ ಎಂಜಿನ್ನುಗಳು, ಎಲ್ಲೆಡೆ ಒಂದೇ ಆಗಿರದ ಹಳಿಯ ಅಗಲ. ನಾಲ್ಕು ಅಡಿ ಎಂಟೂವರೆ ಅಂಗುಲದ ಗೇಜ್ ಒಂದು ಕಡೆಯಾದರೆ ಒಹಾಯೊದಲ್ಲಿ ನಾಲ್ಕು ಅಡಿ ಹತ್ತು ಅಂಗುಲ. ಶವಪೆಟ್ಟಿಗೆಯನ್ನು ಹೊತ್ತ ‘ಯುನೈಟೆಡ್ ಸ್ಟೇಟ್ಸ್’ ಎಂಬ ಬೋಗಿಯನ್ನು ವರ್ಜೀನಿಯಾದ ಅಲೆಕ್ಸಾಂಡ್ರಿಯದಲ್ಲಿದ್ದ ಸೇನಾ ರೈಲ್ವೆಯ ಕಾರ್ಖಾನೆ ಅಧ್ಯಕ್ಷರ ಪ್ರಯಾಣಕ್ಕೆಂದು ಕಟ್ಟಿತ್ತು. ಅದರ ಹದಿನಾರು ಗಾಲಿಗಳ ಅಂಚು ಅಗಲವಾಗಿದ್ದುದರಿಂದ ಹಳಿಯ ಅಳತೆ ಸ್ವಲ್ಪ ಹೆಚ್ಚುಕಡಿಮೆಯಾದರೂ ಅದು ಸಾಗಬಲ್ಲದಾಗಿತ್ತು. ಬದುಕಿದ್ದಾಗ ಲಿಂಕನ್ ಅದರಲ್ಲಿ ಒಮ್ಮೆಯೂ ಪ್ರಯಾಣಿಸಲಿಲ್ಲ. ಅದೇ ಬೋಗಿಯಲ್ಲಿ, ಜಾರ್ಜ್‌ಟೌನಿನ ಸ್ಮಶಾನದಿಂದ ಹೊರತೆಗೆದ ವಿಲ್ಲಿಯ ಪುಟ್ಟ ಪೆಟ್ಟಿಗೆಯೂ ತಂದೆಯ ಜೊತೆ ಊರಿಗೆ ಹೊರಟಿತು. ತಾಯಿ ಮೇರಿ ಲಿಂಕನ್ ಬರಲಿಲ್ಲ. ದುಃಖದಿಂದ ಕುಸಿದಿದ್ದ ಆಕೆ ಶ್ವೇತಭವನದ ಕೋಣೆಯಲ್ಲೇ ಉಳಿದರು.

ಯುದ್ಧ ಕಾರ್ಯದರ್ಶಿ ಎಡ್ವಿನ್ ಸ್ಟಾಂಟನ್ ದಾರಿಯ ಎಲ್ಲ ಹಳಿಗಳನ್ನೂ ಸೇನಾ ಹಳಿಗಳೆಂದು ಘೋಷಿಸಿ ತಮ್ಮ ಅಧೀನಕ್ಕೆ ತೆಗೆದುಕೊಂಡರು. ವೇಗ ಗಂಟೆಗೆ ಇಪ್ಪತ್ತು ಮೈಲಿಗಳನ್ನು ಮೀರುವಂತಿರಲಿಲ್ಲ. ನಿಲ್ದಾಣಗಳನ್ನು ದಾಟುವಾಗ ಇನ್ನೂ ನಿಧಾನ. ಹಳಿ ಸುರಕ್ಷಿತವೇ ಎಂದು ನೋಡಲು ಒಂದು ಎಂಜಿನ್ ಮುಂಚಿತವಾಗಿ ಸಾಗುತ್ತಿತ್ತು. ಮುಂದಿನ ಊರುಗಳಿಗೆ ತಂತಿಯ ಮೂಲಕ ಸುದ್ದಿ ಹೋಗುತ್ತಿತ್ತು. ಅಚ್ಚು ಹಾಕಿದ ವೇಳಾಪಟ್ಟಿಗಳು ಮೊದಲೇ ಹಂಚಿಕೆಯಾಗಿದ್ದವು. ದೇಶಕ್ಕೆಲ್ಲ ಅನ್ವಯಿಸುವ ಒಂದು ಸಮಯವೇ ಇಲ್ಲದ ಕಾಲದಲ್ಲಿ ವೇಳಾಪಟ್ಟಿ ಬರೆಯುವುದು ಸಣ್ಣ ಕೆಲಸವಲ್ಲ. ಪ್ರತಿ ಊರೂ ಸೂರ್ಯ ನೆತ್ತಿಗೆ ಬಂದಾಗ ತನ್ನ ಮಧ್ಯಾಹ್ನವೆಂದು ಎಣಿಸುತ್ತಿತ್ತು. ರೇಖಾಂಶದ ವ್ಯತ್ಯಾಸದಿಂದಾಗಿ ವಾಷಿಂಗ್ಟನ್ನಿನ ಗಡಿಯಾರಕ್ಕೂ ಸ್ಪ್ರಿಂಗ್‌ಫೀಲ್ಡಿನ ಗಡಿಯಾರಕ್ಕೂ ಸುಮಾರು ಐವತ್ತು ನಿಮಿಷಗಳ ಅಂತರವಿತ್ತು. ಅಮೆರಿಕದ ರೈಲ್ವೆಗಳು ಪ್ರಮಾಣಿತ ಸಮಯವಲಯಗಳಿಗೆ ಒಪ್ಪಿದ್ದು 1883ರ ನವೆಂಬರಿನಲ್ಲಿ. ಹೀಗಿದ್ದೂ, ರೈಲು ಯಾವ ಹೊತ್ತಿಗೆ ಬರುತ್ತದೆಂದು ಸಣ್ಣ ಹಳ್ಳಿಯವರಿಗೂ ತಿಳಿದಿತ್ತು. ನಡುರಾತ್ರಿಯಲ್ಲೂ ಹಳಿಯ ಪಕ್ಕ ಬೆಂಕಿ ಹಾಕಿಕೊಂಡು, ಮಕ್ಕಳನ್ನು ಎತ್ತಿಕೊಂಡು ಅವರು ಕಾದರು.

ಏಪ್ರಿಲ್ 21ರ ಬೆಳಿಗ್ಗೆ ವಾಷಿಂಗ್ಟನ್ ಬಿಟ್ಟ ರೈಲು ಬಾಲ್ಟಿಮೋರ್, ಹ್ಯಾರಿಸ್‌ಬರ್ಗ್, ಫಿಲಡೆಲ್ಫಿಯ, ನ್ಯೂಯಾರ್ಕ್, ಆಲ್ಬನಿ, ಬಫೆಲೋ, ಕ್ಲೀವ್‌ಲೆಂಡ್, ಕೊಲಂಬಸ್, ಇಂಡಿಯಾನಾಪೊಲಿಸ್, ಶಿಕಾಗೊ ನಗರಗಳಲ್ಲಿ ನಿಂತು ಮೇ 3ರಂದು ಸ್ಪ್ರಿಂಗ್‌ಫೀಲ್ಡ್ ತಲುಪಿತು. ಬಹುಪಾಲು, 1861ರಲ್ಲಿ ಲಿಂಕನ್ ಅಧಿಕಾರ ವಹಿಸಿಕೊಳ್ಳಲು ಬಂದ ದಾರಿಯನ್ನೇ ಅದು ಹಿಮ್ಮುಖವಾಗಿ ತುಳಿಯಿತು. ನ್ಯೂಯಾರ್ಕಿನಲ್ಲಿ ನಡೆದದ್ದನ್ನು ಮಾತ್ರ ಇಲ್ಲಿ ಹೇಳದೆ ಬಿಡಲಾಗದು. ಗುಲಾಮಗಿರಿಯ ಅಂತ್ಯಕ್ಕೆ ಕಾರಣನಾದ ಅಧ್ಯಕ್ಷನ ಮೆರವಣಿಗೆಯಲ್ಲಿ ಕಪ್ಪು ಜನರು ನಡೆಯಕೂಡದೆಂದು ನಗರಾಡಳಿತ ತಡೆಯಲು ಹೊರಟಿತ್ತು. ವಾಷಿಂಗ್ಟನ್ನಿನಿಂದ ಸೂಚನೆ ಬಂದ ಮೇಲಷ್ಟೇ ಅವರಿಗೆ ಅವಕಾಶ ಸಿಕ್ಕಿತು, ಅದೂ ಮೆರವಣಿಗೆಯ ಕೊನೆಯ ಸಾಲಿನಲ್ಲಿ, ಪೊಲೀಸ್ ರಕ್ಷಣೆಯೊಂದಿಗೆ. ಸಾರ್ವಜನಿಕ ಸ್ಮರಣೆ ಯಾರನ್ನು ಒಳಗೊಳ್ಳುತ್ತದೆ, ಯಾರನ್ನು ಹೊರಗಿಡಲು ನೋಡುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಘಟನೆ ಆ ಯಾತ್ರೆಯಲ್ಲಿ ಇನ್ನೊಂದಿಲ್ಲ.

ನೆನಪಿನ ವಿಜ್ಞಾನಕ್ಕೆ ಮರಳೋಣ. ಕೋಲ್‌ಗ್ರೋವ್ ಅವರ ಕೆಲಸ ನಡೆದು ಮುಕ್ಕಾಲು ಶತಮಾನದ ಮೇಲಾದ ನಂತರ, 1977ರಲ್ಲಿ, ರೋಜರ್ ಬ್ರೌನ್ ಮತ್ತು ಜೇಮ್ಸ್ ಕುಲಿಕ್ ಎಂಬ ಸಂಶೋಧಕರು ಮುಖ್ಯವಾಗಿ ಕೆನಡಿ ಹತ್ಯೆಯ ನೆನಪುಗಳನ್ನು ಪರಿಶೀಲಿಸಿ, ಇಂಥವಕ್ಕೆ ‘ಫ್ಲ್ಯಾಶ್‌ಬಲ್ಬ್ ನೆನಪು’ ಎಂಬ ಹೆಸರಿಟ್ಟರು. ಆಘಾತದ ಕ್ಷಣವನ್ನು ಮಿದುಳು ಛಾಯಾಚಿತ್ರದ ಹಾಗೆ ಹಿಡಿದಿಡುತ್ತದೆ ಎಂಬುದು ಅವರ ಊಹೆ. ಭಾವೋದ್ವೇಗದ ಹೊತ್ತಿನಲ್ಲಿ ಸ್ರವಿಸುವ ಹಾರ್ಮೋನುಗಳ ಪ್ರಭಾವದಿಂದ ಅಮಿಗ್ಡಲ ಎಂಬ ಭಾಗ ನೆನಪಿನ ದಾಖಲಾತಿಯನ್ನು ಬಲಪಡಿಸುತ್ತದೆ ಎಂಬುದೇನೋ ನಿಜ. ಆದರೆ ಕೋಲ್‌ಗ್ರೋವ್ ಅವರ ವಿಧಾನದಲ್ಲಿ ಒಂದು ಕೊರತೆಯಿತ್ತು: ವೃದ್ಧೆ ಹೇಳಿದ ಗುಲಾಬಿ ಗಿಡ 1865ರಲ್ಲಿ ನಿಜವಾಗಿಯೂ ಅಲ್ಲಿತ್ತೇ ಎಂದು ಪರೀಕ್ಷಿಸುವ ದಾರಿಯಿರಲಿಲ್ಲ. ಆ ಕೊರತೆಯನ್ನು ತುಂಬಿದವರು ಉಲ್ರಿಕ್ ನೈಸರ್ ಮತ್ತು ನಿಕೋಲ್ ಹಾರ್ಶ್. 1986ರ ಜನವರಿಯಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಗೊಂಡ ಮರುದಿನವೇ ವಿದ್ಯಾರ್ಥಿಗಳಿಂದ ಉತ್ತರ ಬರೆಸಿಕೊಂಡು, ಸುಮಾರು ಎರಡೂವರೆ ವರ್ಷದ ನಂತರ ಅದೇ ಪ್ರಶ್ನೆಗಳನ್ನು ಕೇಳಿದಾಗ, ನಾಲ್ವರಲ್ಲಿ ಒಬ್ಬರ ಉತ್ತರ ಎಲ್ಲ ಮುಖ್ಯ ಅಂಶಗಳಲ್ಲೂ ಬೇರೆಯಾಗಿತ್ತು. ತಮ್ಮದೇ ಕೈಬರಹವನ್ನು ತೋರಿಸಿದರೂ ಅವರಿಗೆ ಮೊದಲಿನ ನೆನಪು ಮರುಕಳಿಸಲಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ಮರುದಿನ ಆರಂಭವಾದ ಟಲರಿಕೊ ಮತ್ತು ರೂಬಿನ್ ಅವರ ಅಧ್ಯಯನವೂ ಇದನ್ನೇ ಇನ್ನಷ್ಟು ನಿಖರವಾಗಿ ಹೇಳಿತು: ಆಘಾತದ ನೆನಪು ದಿನನಿತ್ಯದ ನೆನಪಿನಷ್ಟೇ ವೇಗವಾಗಿ ಬದಲಾಗುತ್ತದೆ, ಕುಗ್ಗದೆ ಉಳಿಯುವುದು ಅದು ಸರಿಯೆಂಬ ನಮ್ಮ ನಂಬಿಕೆ.

ಹಾಗೆಂದು ಆ 127 ಮಂದಿಯ ನೆನಪನ್ನು ಸುಳ್ಳೆಂದು ತಳ್ಳಿಹಾಕುವುದು ತಪ್ಪಾದೀತು. ಪ್ರತಿಸಲ ನೆನೆದಾಗಲೂ ಮಿದುಳು ಚೂರುಗಳಿಂದ ನೆನಪನ್ನು ಮತ್ತೆ ಕಟ್ಟುತ್ತದೆ. ಹಾಗೆ ಕಟ್ಟುವಾಗ ಇತರರಿಂದ ಕೇಳಿದ್ದೂ ಪತ್ರಿಕೆಯಲ್ಲಿ ಓದಿದ್ದೂ ಸೇರಿಕೊಳ್ಳುತ್ತವೆ. ಲಿಂಕನ್ ರೈಲು ಈ ಮರುಕಟ್ಟುವಿಕೆಗೆ ಎಡೆಬಿಡದೆ ಸಾಮಗ್ರಿ ಒದಗಿಸಿತು: ಲಕ್ಷಾಂತರ ಜನ ಒಂದೇ ಬಗೆಯ ಕಪ್ಪು ಬಟ್ಟೆ ಕಟ್ಟಿದರು, ಒಂದೇ ಮುಖವನ್ನು ನೋಡಿದರು, ಆಮೇಲೆ ದಶಕಗಳ ಕಾಲ ಮಕ್ಕಳು ಮೊಮ್ಮಕ್ಕಳಿಗೆ ಅದನ್ನೇ ಹೇಳಿದರು. ನನ್ನ ಮಟ್ಟಿಗೆ ಯಾತ್ರೆಯ ನಿಜವಾದ ಬಲವಿರುವುದು ಈ ಹೇಳುವಿಕೆಯಲ್ಲಿ. 2014ರಲ್ಲಿ ಹೆನ್ರಿ ರೋಡಿಗರ್ ಮತ್ತು ಆಂಡ್ರ್ಯೂ ಡಿಸೊಟೊ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕನ್ನರಿಗೆ ಮೊದಲ ಕೆಲವರು ಮತ್ತು ಇತ್ತೀಚಿನ ಕೆಲವರನ್ನು ಬಿಟ್ಟರೆ ನಡುವಿನ ಅಧ್ಯಕ್ಷರು ನೆನಪಿಗೆ ಬರುವುದೇ ವಿರಳವೆಂದು ಕಂಡುಬಂತು. ಆ ಮರೆವಿನ ನಡುವೆ ಎದ್ದು ನಿಲ್ಲುವ ಹೆಸರು ಲಿಂಕನ್ನರದು. ಗುಂಡೇಟಿಗೆ ಬಲಿಯಾಗಿ, ರೈಲಿನಲ್ಲೇ ಊರಿಗೆ ಮರಳಿದ ಗಾರ್ಫೀಲ್ಡ್ ಮತ್ತು ಮೆಕಿನ್ಲಿ ಅವರಿಗೆ ಆ ಸ್ಥಾನ ಸಿಗಲಿಲ್ಲ. ಎಂದರೆ ರೈಲೊಂದರಿಂದಲೇ ಸ್ಮರಣೆ ಉಳಿಯದು. ಯುದ್ಧದ ಕೊನೆ, ಗುಲಾಮಗಿರಿಯ ಕೊನೆ ಎಂಬ ದೊಡ್ಡ ಕಥೆಯೂ ಜೊತೆಗಿರಬೇಕು.

ಇಷ್ಟು ಜನ ಕಣ್ಣಾರೆ ಕಂಡ ವಸ್ತುವಿನ ಒಂದು ಸರಳ ಗುಣವೇ ಮರೆತುಹೋದದ್ದೂ ಉಂಟು. ‘ಯುನೈಟೆಡ್ ಸ್ಟೇಟ್ಸ್’ ಬೋಗಿಯ ಬಣ್ಣ ಯಾವುದಿತ್ತು? ಆ ಕಾಲದ ವರದಿಗಳು ಒಂದೇ ಮಾತು ಹೇಳುವುದಿಲ್ಲ. ಛಾಯಾಚಿತ್ರಗಳೂ ನೆರವಾಗವು: ಆಗಿನ ಕೊಲೋಡಿಯನ್ ಗಾಜಿನ ಫಲಕಗಳು ನೀಲಿ ಬೆಳಕಿಗೆ ಸ್ಪಂದಿಸುತ್ತಿದ್ದವೇ ಹೊರತು ಕೆಂಪಿಗೆ ಕುರುಡಾಗಿದ್ದವು, ಆದ್ದರಿಂದ ಕಡುಗೆಂಪು ವಸ್ತು ಚಿತ್ರದಲ್ಲಿ ಕಪ್ಪಾಗಿಯೇ ಕಾಣುತ್ತದೆ. ಬೋಗಿ ಮುಂದೆ ಮಾರಾಟವಾಗಿ ಹಲವರ ಕೈ ಬದಲಾಯಿಸಿ, 1911ರಲ್ಲಿ ಮಿನಿಯಾಪೊಲಿಸ್ ಬಳಿ ಹುಲ್ಲುಗಾವಲಿಗೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋಯಿತು. ನೂರು ವರ್ಷಗಳ ನಂತರ ವೇಯ್ನ್ ವೆಸೊಲೊವ್ಸ್ಕಿ ಎಂಬ ರಸಾಯನಶಾಸ್ತ್ರಜ್ಞರು, ಆ ಬೋಗಿಯದೆಂದು ಉಳಿದುಬಂದಿದ್ದ ಕಿಟಕಿ ಚೌಕಟ್ಟಿನ ಒಂದು ತುಂಡಿನ ಬಣ್ಣದ ಚೂರನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ಅದು ಕಂದು ಬೆರೆತ ಕಡುಗೆಂಪು ಎಂದು ತೋರಿಸಿದರು.